ಎಂಟು ಸೆಕೆಂಡಿನ ಟೇಪು

ಹಳೇ ಎಕೋ ಪೆಟ್ಟಿಗೆಗಳನ್ನ ಸಾಫ್ಟ್‌ವೇರ್ ಆಗಿ ಮಾಡೋದು ನನ್ನ ಕಸುಬು. ಪೆಟ್ಟಿಗೆಯೊಳಗೆ ಒಂದು ತುಂಡು ಟೇಪು ಸುತ್ತುತ್ತಿರುತ್ತೆ. ಹಾಡಿದ್ದನ್ನ ಹಿಡಿದು, ಚೂರು ಮಾಸಿದ ದನಿಯಲ್ಲಿ ವಾಪಸ್ ಹೇಳುತ್ತೆ. ಆ ಮಾಸಲನ್ನ ಅಳೆದು ಕಂಪ್ಯೂಟರಿಗೆ ಕಲಿಸಬೇಕು. ಈಗಿನವರಿಗೆ ಆ ಕೊಳೆಯೇ ಬೇಕಂತೆ. ಇರಲಿ, ಅದರಿಂದ ನನ್ನ ಹೊಟ್ಟೆ ತುಂಬುತ್ತೆ.

ಮಂಗಳವಾರ ಬೆಳಿಗ್ಗೆ ಚಿಕ್ಕಮ್ಮ ತಮ್ಮ ಮನೆಯ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟಳು. ಒಂದು ಕಾಲಕ್ಕೆ ಅವಳು ವೇದಿಕೆಯಲ್ಲಿ ಹಾಡುತ್ತಿದ್ದಳು, ಚಿಕ್ಕಪ್ಪ ಪಕ್ಕದಲ್ಲಿ ಕೂತು ಇದರ ಗುಂಡಿ ತಿರುಗಿಸುತ್ತಿದ್ದ. ಎಂಟು ವರ್ಷದ ಹಿಂದೆ ಗಂಟಲ ಆಪರೇಷನ್ ಆಗಿ ಹಾಡು ಹೋಯಿತು, ಗೊಗ್ಗರು ದನಿ ಉಳಿಯಿತು. ಅದನ್ನೂ ನಾವು ಕೇಳಿದ್ದು ಕಮ್ಮಿ. ಅವಳು ಬಾಯಿ ತೆರೆದರೆ ಸಾಕು, "ಆಯಾಸ ಮಾಡ್ಕೋಬೇಡ, ಬರೆದು ತೋರಿಸು" ಅಂತ ಚಿಕ್ಕಪ್ಪ ಸ್ಲೇಟು ಹಿಡಿಯುತ್ತಿದ್ದ. ಅಂಥ ಗಂಡ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು ಅಂತ ನಾವೆಲ್ಲ ಹೊಗಳಿದ್ದೇ ಹೊಗಳಿದ್ದು.

"ಯಾವಾಗಲೂ ಮಾಡೋ ಹಾಗೇ ಮಾಡು" ಅಂತ ಸ್ಲೇಟಿನ ಮೇಲೆ ಬರೆದು ಹೋದಳು.

ನಾನು ಯಾವಾಗಲೂ ಅಳೆಯೋ ಮೊದಲು ಟೇಪಿನ ಮೇಲೆ ಅಯಸ್ಕಾಂತ ಆಡಿಸಿ ಹಳೆಯದೆಲ್ಲ ಅಳಿಸ್ತೀನಿ. ಇಲ್ಲದಿದ್ದರೆ ಪೆಟ್ಟಿಗೆಯ ಸ್ವಂತ ಸದ್ದು ಯಾವುದು, ಅಂಟಿಕೊಂಡದ್ದು ಯಾವುದು ಗೊತ್ತಾಗಲ್ಲ. ಇದನ್ನ ಚಿಕ್ಕಮ್ಮ ಇಲ್ಲೇ ಕೂತು ಎಷ್ಟೋ ಸಲ ನೋಡಿದ್ದಾಳೆ. ಒಂದು ಸಲ ಕೇಳಿ ನೋಡೋ ವ್ಯವಧಾನವೂ ನನಗಿರಲಿಲ್ಲ. ಅಳಿಸಿದೆ.

ಮಧ್ಯಾಹ್ನ, ಮನೆಯಲ್ಲಿ ಪೆಟ್ಟಿಗೆ ಕಾಣದೆ, ಚಿಕ್ಕಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಟೇಪು ಮುಟ್ಟಿಲ್ಲ ತಾನೇ?"

"ಪೂರ್ತಿ ಅಳಿಸಿ ಚೊಕ್ಕ ಮಾಡಿದ್ದೀನಿ" ಅಂದೆ, ಮಹಾ ಜಾಣೆಯ ಹಾಗೆ.

ಚಿಕ್ಕಪ್ಪ ಕುರ್ಚಿ ತಡಕಿ ಕೂತ. ಆಪರೇಷನ್ನಿನ ಹಿಂದಿನ ದಿನ ಚಿಕ್ಕಮ್ಮ ಹಾಡಿದ ಒಂದು ಸಾಲು ಅದರಲ್ಲಿತ್ತಂತೆ. ಎಂಟೇ ಸೆಕೆಂಡು. ಪ್ರತಿ ಸುತ್ತಿಗೂ ಹಳೆಯದನ್ನ ಅಳಿಸೋ ಭಾಗದ ತಂತಿ ಕಿತ್ತುಹಾಕಿ ದಿನಾ ಸಂಜೆ ಅದನ್ನೇ ಸುತ್ತಿಸಿ ಕೇಳುತ್ತಿದ್ದನಂತೆ. ಮಿಕ್ಕ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಇದನ್ನ ಬೇರೆಲ್ಲೂ ಇಳಿಸಿಕೊಂಡಿರಲಿಲ್ಲ. ಈ ಪೆಟ್ಟಿಗೆಯಲ್ಲಿದ್ದರೇ ಅವಳು, ಬೇರೆ ಕಡೆ ಬರೀ ಸದ್ದು ಅನ್ನೋದು ಅವನ ಹಟ.

"ಚಿಕ್ಕಪ್ಪ, ನನಗೆ ಗೊತ್ತಿರಲಿಲ್ಲ" ಅಂತ ತೊದಲಿದೆ.

"ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

ಅಂದದ್ದು ಚಿಕ್ಕಮ್ಮ, ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸ್ಲೇಟಿರಲಿಲ್ಲ. ದನಿ ಗೊಗ್ಗರು, ಆದರೆ ಒಂದೊಂದು ಮಾತೂ ಸ್ಪಷ್ಟ.

"ಮೂರು ಸಲ ಕತ್ತರಿ ಹಿಡ್ಕೊಂಡೆ. ನನ್ನ ಕೈಲಿ ಆಗಲಿಲ್ಲ. ಅದಕ್ಕೇ ಇವಳ ಹತ್ರ ತಂದೆ."

ನನಗೆ ಸಿಟ್ಟು ನೆತ್ತಿಗೇರಿತು. ಇಂಥ ಕೆಲಸಕ್ಕೆ ನಾನೇ ಬೇಕಿತ್ತಾ ಅನ್ನಿಸಿತು.

"ಗಂಟಲು... ಆಯಾಸ..." ಅಂದ ಚಿಕ್ಕಪ್ಪ.

"ಆಯಾಸ ಏನೂ ಆಗಲ್ಲ ರೀ. ಮಾತಾಡಿ ಅಂತ ಡಾಕ್ಟ್ರು ಮೊದಲ ವರ್ಷವೇ ಹೇಳಿದ್ರು. ನಿಮಗೆ ಈ ದನಿ ಆಗಿಬರಲ್ಲ, ಅಷ್ಟೇ. ಎಂಟು ವರ್ಷ ಪಕ್ಕದ ಕೋಣೆಯಲ್ಲಿ ಸತ್ತವಳ ಹಾಗೆ ಕೂತು, ನಿಮ್ಮ ಹೆಂಡತಿ ಹಾಡೋದನ್ನ ಕೇಳಿದ್ದೀನಿ."

ಚಿಕ್ಕಪ್ಪ ಮುಖ ಮುಚ್ಚಿಕೊಂಡ. ಆಮೇಲೆ, ನಾನು ನೋಡುತ್ತಿದ್ದ ಹಾಗೇ, ಅವನ ಎರಡೂ ಕೈ ಮೆಲ್ಲಗೆ ಸರಿದು ಕಿವಿ ಮುಚ್ಚಿದವು.

ಚಿಕ್ಕಮ್ಮನೂ ಅದನ್ನ ನೋಡಿದಳು. ಮಾತು ನಿಲ್ಲಿಸಲಿಲ್ಲ.