ಎರಡು ಲಾರಿಗೆ ಒಂದೇ ಇಂಜಿನ್

ತೊಂಬತ್ತನಾಲ್ಕರ ಸುಗ್ಗಿಯಲ್ಲಿ ನನ್ನ ಲಾರಿ ಪಾಮನಕಲ್ಲೂರು ಕ್ರಾಸಿನಲ್ಲಿ ಸತ್ತ ಆನೆಯ ಹಾಗೆ ನಿಂತುಬಿಟ್ಟಿತು. ಇಂಜಿನ್ನಿನ ಒಡಲು, ಆ ಕಬ್ಬಿಣದ ಬ್ಲಾಕ್, ಸೀಳಿದ ಸದ್ದಿಗೆ ರಾಯಚೂರು ಕೋಟೆಯೇ ಅಲುಗಿರಬೇಕು. ಹೇರಿದ್ದ ಭತ್ತವೇನೋ ಬೇರೆಯವರ ಗಾಡಿ ಏರಿ ಹೋಯಿತು. ಆದರೆ ನಮ್ಮ ಯಜಮಾನರು ತೀರಿದ ಮೇಲೆ ನನಗೂ ಡ್ರೈವರ್ ವೆಂಕೋಬನ ಮನೆಗೂ ಅನ್ನ ಹಾಕುತ್ತಿದ್ದುದು ಆ ಲಾರಿಯೊಂದೇ.

ಹೊಸ ಬ್ಲಾಕಿಗಾಗಿ ಸಿಂಧನೂರಿಗೆ ಓಡಿದೆ. ಇಂಜಿನ್ ಕಂಪನಿಯ ಏಜೆಂಟ್ ಬಸವಂತರಾಯನ ಅಂಗಡಿ ತುಂಬ ನೀರೆತ್ತುವ ಪುಟ್ಟ ಇಂಜಿನ್‌ಗಳು, ಕೋಳಿಮರಿಗಳ ಹಾಗೆ.

“ಲಾರಿ ಇಂಜಿನ್ ಮಾಡೋದು ಕಂಪನಿ ಬಂದ್ ಮಾಡೇತಿಬೇ ಯವ್ವಾ. ಬ್ಲಾಕೂ ಬರಂಗಿಲ್ಲ.”

“ಯಾಕೋ? ಕಂಪನಿಗೆ ಮುಪ್ಪು ಬಂತೇನು? ನನಗಽ ಬಂದಿಲ್ಲ!”

“ಲಾರಿ ಮಾಡೋರು ಇಂಜಿನ್ನೂ ತಾವಽ ಮಾಡ್ಕೊಳ್ಳಾಕತ್ಯಾರ. ಮನಿಮನಿಗೆ ಬೀಸೋಕಲ್ಲು ಇದ್ರ ಗಿರಣಿಗೆ ಯಾರು ಬರ್ತಾರ? ನಾಕು ಮಂದಿ ಕೇಳ್ತಾರಂತ ಅಷ್ಟು ದೊಡ್ಡ ಕಾರ್ಖಾನಿ ನಡಸಾಕ ಆಗತೈತೇನು? ಪಂಪಿನ ಇಂಜಿನ್ನಾದ್ರ ಕಾಲುವಿ ದಂಡಿ ತುಂಬ ಹೊಕ್ಕಾವು.”

“ಆ ನಾಕು ಮಂದ್ಯಾಗ ನಾನೂ ಒಬ್ಬಾಕಿ ಅಲ್ಲೇನೋ? ನಾ ಸಾಯೋತನಕರ ತಡೀಬೇಕಿತ್ತು!”

ನಕ್ಕೆ. ಅಲ್ಲಿಂದ ಸೀದಾ ಬಸ್ ಹಿಡಿದೆ.

ಲಿಂಗಸೂಗೂರಿನ ಲಾರಿ ಮಿಸ್ತ್ರಿ ಉಸ್ಮಾನ್‌ಸಾಬ್ ಒಂದು ದಾರಿ ಹೇಳಿದ. “ಅಂಥದಽ ಲಾರಿ ಮಸ್ಕಿ ಜಂಬಮ್ಮಂದು ಐತಿ. ಅದರ ಇಂಜಿನ್ ಒಳಗ ತಿರುಗೋ ಕ್ರ್ಯಾಂಕ್ ಮುರದೈತಿ, ಬ್ಲಾಕ್ ಗಟ್ಟಿ ಐತಿ.”

ಅವನನ್ನೂ ವೆಂಕೋಬನನ್ನೂ ಕರೆದುಕೊಂಡು ಮಸ್ಕಿಗೆ ಹೋದರೆ, ಜಂಬಮ್ಮ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

“ನಿನ್ನ ಮನಿಗೇ ಹೊಂಟಿದ್ದೆ ಯಕ್ಕಾ. ನಿನ್ನ ಕ್ರ್ಯಾಂಕ್ ಕೊಡು.”

“ನಾ ನಿನ್ನ ಬ್ಲಾಕ್ ಕೇಳಾಕ ಬಂದೀನಿ!”

ಮಸ್ಕಿ ಗುಡ್ಡದ ಕಲ್ಲು ಉರುಳುವಷ್ಟು ಜಗಳವಾಡಿದೆವು. ಯಾರೂ ಬಗ್ಗಲಿಲ್ಲ.

“ಇಬ್ರೂ ಹಿಡಕೊಂಡು ಕುಂದರ್ರಿ,” ಎಂದ ವೆಂಕೋಬ. “ಎರಡೂ ತುಕ್ಕು ಹಿಡೀಲಿ. ಮಕ್ಕಳಿಗೆ ಅದಽ ತುಕ್ಕು ತಿನ್ನಸ್ತೀನಿ.”

ಉಸ್ಮಾನ್‌ಸಾಬ್ ನನ್ನ ಮುಖ ನೋಡದೆ ಹೇಳಿದ. “ಅಮ್ಮಾ, ನಿನ್ನ ಲಾರಿ ಅಡಿಯ ಚಾಸಿ ಬಾಗೈತಿ. ಬ್ಲಾಕ್ ಹಾಕಿದ್ರೂ ಭಾಳ ದಿನ ಓಡಂಗಿಲ್ಲ. ಆಕಿದು ಓಡತೈತಿ.”

ನಾನು ಜಂಬಮ್ಮನ ಕೈ ಹಿಡಿದೆ. “ವೆಂಕೋಬನ್ನ ಇಟಗೊಂತೀಯೇನು? ಬಾಡಿಗ್ಯಾಗ ನನಗೊಂದು ಪಾಲು?”

“ನನ್ನ ಡ್ರೈವರ್ ಬಿಟ್ಟು ಹೋಗ್ಯಾನ. ವೆಂಕೋಬನ್ನ ಇಟಗೊಂತೀನಿ. ಪಾಲು ಕೇಳಬ್ಯಾಡ ಯಕ್ಕಾ, ನನಗಽ ಸಾಲಂಗಿಲ್ಲ.”

ವೆಂಕೋಬ ನೆಲ ನೋಡುತ್ತಿದ್ದ. “ಹೂಂ, ಕ್ರ್ಯಾಂಕ್ ಒಯ್ಯಿ,” ಎಂದೆ.

ಮರುದಿನ ಕ್ರಾಸಿನಲ್ಲಿ ಉಸ್ಮಾನ್‌ಸಾಬ್ ಪಾನಾ ಹಿಡಿದು ನನ್ನ ಲಾರಿಯ ಕೆಳಗೆ ನುಸುಳಿದ. ಬೋಲ್ಟು ಕಿರ್ರೆಂದಿತು.

“ಹಗೂರಕ್ಕ ಬಿಚ್ಚಪಾ,” ಎಂದೆ. “ನನ್ನ ಹಲ್ಲನ್ನೂ ಯಾರೂ ಹಿಂಗ ಕಿತ್ತಿಲ್ಲ.”

ಯಾರೂ ನಗಲಿಲ್ಲ.