ಬೆಳ್ಮಣ್ಣಿಗೆ ಬಂದ ಕಾರಣ

ಲಾರಿಯಿಂದ ಕೊನೆಗೆ ಇಳಿದದ್ದು ಬಲೆಗಳ ಗಂಟು. ಅದನ್ನು ಕಂಡು ಸರಸನಿಗೆ ಸಿಟ್ಟು ಬಂತು.

“ಇದನ್ನು ಎಂತಕ್ಕೆ ಹೊತ್ತುಕೊಂಡು ಬಂದದ್ದು? ಈ ಗುಡ್ಡೆಯಲ್ಲಿ ಮೀನು ಉಂಟಾ?”

ಗಂಡ ಹೂವಪ್ಪ ಗಂಟನ್ನು ಹೆಗಲಿಗೇರಿಸಿಕೊಂಡು ಮನೆಯ ಹಿಂದಕ್ಕೆ ನಡೆದ. ಸೊಸೆ ಕಮಲ ಪಾತ್ರೆಗಳ ಬುಟ್ಟಿ ಹಿಡಿದು ಜಗಲಿಯ ಕೆಳಗೆ ನಿಂತಿದ್ದಳು, ಒಳಗೆ ಹೋಗಬಹುದೋ ಬಾರದೋ ಎಂದು ತಿಳಿಯದವಳ ಹಾಗೆ.

ಅದು ೧೯೭೮ರ ಏಪ್ರಿಲ್ ತಿಂಗಳು. ಕಾಪುವಿನಿಂದ ಬೆಳ್ಮಣ್ಣಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೂ ಕಡಲ ಕರೆಯಲ್ಲೇ, ಆ ದಡದಲ್ಲೇ ಹುಟ್ಟಿ, ಅಲ್ಲೇ ಬುಟ್ಟಿ ಹೊತ್ತು ಮೀನು ಮಾರಿ ನಲವತ್ತೆಂಟು ವರ್ಷ ಕಳೆದ ಸರಸನಿಗೆ ಇದು ಬೇರೆ ದೇಶ. ಕಾಲಿನ ಕೆಳಗೆ ಮರಳಿಲ್ಲ, ಗಟ್ಟಿ ಕೆಂಪು ಮುರಕಲ್ಲು. ಗಾಳಿಗೆ ಉಪ್ಪಿನ ರುಚಿಯಿಲ್ಲ. ಸಣ್ಣದೊಂದು ಹೆಂಚಿನ ಮನೆ, ಆಳದ ಬಾವಿ, ಹಿತ್ತಿಲಿನಲ್ಲಿ ಕಾರ್ಕಳದ ಶಿಲೆಕಲ್ಲಿನ ಕಂಬಗಳ ಮೇಲೆ ಎಳೆದ ತಂತಿ, ತಂತಿಯ ಮೇಲೆ ಮೂವತ್ತು ದ್ರಾಕ್ಷಿ ಬಳ್ಳಿ.

ಆ ಬಳ್ಳಿಗಳನ್ನು ಬೆಂಗಳೂರಿನಿಂದ ತಂದು ನೆಟ್ಟವನು ಲೂಯಿಸ್, ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತನಾಗಿ ಬಂದವನು. ಹೆಂಡತಿ ಝೀಟಾ ತೀರಿಹೋದ ಮೇಲೆ ಉದ್ಯಾವರದಲ್ಲಿರುವ ಮಗಳ ಮನೆಗೆ ಹೋಗುತ್ತೇನೆಂದು ಮನೆ ಮಾರಿದ್ದ. ಕೀಲಿಕೈ ಕೊಡುವಾಗ ಅವನು ಹೇಳಿದ್ದು ಮನೆಯ ವಿಷಯವಲ್ಲ, ಬಳ್ಳಿಯ ವಿಷಯ. “ಮಳೆಗಾಲದಲ್ಲಿ ಎಲೆಗೆ ಬೂಸಲು ಬರ್ತದೆ. ಮೈಲುತುತ್ತು, ಸುಣ್ಣ ಕಲಸಿ ಹೊಡೆಯಬೇಕು. ಅಕ್ಟೋಬರಿನಲ್ಲಿ ಕತ್ತರಿಸಬೇಕು. ನಾನು ಬಂದು ತೋರಿಸ್ತೇನೆ. ಕಿತ್ತು ಮಾತ್ರ ಬಿಸಾಡಬೇಡಿ.”

ಇಲ್ಲಿಗೆ ಏಕೆ ಬಂದದ್ದೆಂದು ಸರಸನಿಗೆ ಗೊತ್ತಿತ್ತು. ಹಿಂದಿನ ದೀಪಾವಳಿ ಕಳೆದ ವಾರ ಅವರ ಒಬ್ಬನೇ ಮಗ ಗಣಪ ಇನ್ನು ಮೂವರ ಜೊತೆ ದೋಣಿ ಇಳಿಸಿದ್ದ. ಮಧ್ಯಾಹ್ನಕ್ಕೆ ಗಾಳಿ ತಿರುಗಿತು. ಮೂವರ ಹೆಣ ನಾಲ್ಕು ದಿನದೊಳಗೆ ದಡಕ್ಕೆ ಬಂತು. ಗಣಪ ಬರಲಿಲ್ಲ. ಅವಳು ಜ್ವರದಲ್ಲಿ ಮಲಗಿದ್ದಾಗ ಹೂವಪ್ಪ ಇಬ್ಬರು ದಾಯಾದಿಗಳನ್ನು ಕರೆದುಕೊಂಡು ಬಡಗು ದಿಕ್ಕಿಗೆ, ಕುಂದಾಪುರದ ಆಚೆಯವರೆಗೂ, ಕರೆಗುಂಟ ಹುಡುಕಿಕೊಂಡು ಹೋದ. ಹನ್ನೊಂದನೇ ದಿನ ತಿರುಗಿ ಬಂದ.

“ಸಿಕ್ಕಿದನಾ?” ಎಂದು ಅವಳು ಚಾಪೆಯಿಂದಲೇ ಕೇಳಿದಳು.

“ಇಲ್ಲ” ಎಂದ.

ಆ ‘ಇಲ್ಲ’ವನ್ನು ಹಿಡಿದುಕೊಂಡೇ ಸರಸ ಎದ್ದು ಕುಳಿತಳು. ಸಿಗದವನು ಸತ್ತವನಲ್ಲ. ದೊಡ್ಡ ಹಡಗಿನವರು ಎತ್ತಿಕೊಂಡಿರಬಹುದು, ಯಾವುದೋ ದ್ವೀಪದಲ್ಲಿ ಇಳಿಸಿರಬಹುದು. ದಿನವೂ ಬೆಳಿಗ್ಗೆ ಕರೆಗೆ ಹೋಗಿ ನಿಲ್ಲುತ್ತಿದ್ದಳು, ಬಂದ ದೋಣಿಯವರನ್ನೆಲ್ಲ ಕೇಳುತ್ತಿದ್ದಳು. ಅವರು ಮುಖ ತಿರುಗಿಸಿ ಬಲೆ ಕೊಡವುತ್ತಿದ್ದರು. ಐದು ತಿಂಗಳು ಹೀಗೇ ನಡೆದ ಮೇಲೆ ಹೂವಪ್ಪ ದೋಣಿಯನ್ನೂ ಮನೆಯನ್ನೂ ಮಾರಿದ. “ಆ ಕಡಲಿನ ಸದ್ದು ನಿನ್ನನ್ನು ತಿಂದು ಹಾಕ್ತದೆ. ಹೋಗುವ” ಎಂದ. ಅವಳು ಒಂದು ಷರತ್ತು ಹಾಕಿದಳು. ಬೆಳ್ಮಣ್ಣಿನ ಮನೆಯ ದಾರಿಯನ್ನು ತಗಡಿನ ಮೇಲೆ ಬಣ್ಣದಲ್ಲಿ ಬರೆಸಿ ಹಳೆಯ ಮನೆಯ ತೆಂಗಿನಮರಕ್ಕೆ ಮೊಳೆ ಹೊಡೆಸಿದಳು. ಗಣಪನಿಗೆ ಓದಲು ಬರುತ್ತಿತ್ತು.

ಹೊಸ ಮನೆ ಕಷ್ಟಪಟ್ಟು ಒಗ್ಗಿತು. ಬಾವಿಯಿಂದ ನೀರು ಸೇದಿ ಸೇದಿ ಸರಸನ ಅಂಗೈ ಸುಲಿಯಿತು. ಮೀನು ಮಾರುವವಳು ಬಸ್ಸಿನಿಂದ ಇಳಿಯುವಾಗ ಗಂಟೆ ಹನ್ನೊಂದು. ಅಷ್ಟರಲ್ಲಿ ಬಂಗುಡೆಯ ಕಣ್ಣು ಕೆಂಪಗಾಗಿರುತ್ತಿತ್ತು. ಎಂದೂ ಮೀನು ಕೊಂಡು ತಿನ್ನದವಳು ಕಿವಿರು ಬಿಡಿಸಿ ನೋಡಿ, ಬೈದು, ಕೊನೆಗೆ ಕೊಳ್ಳುತ್ತಿದ್ದಳು. ಹೂವಪ್ಪನಿಗೆ ನೆಲದ ಕೆಲಸ ಗೊತ್ತಿಲ್ಲ. ಹಾರೆ ಹಿಡಿದರೂ ಹುಟ್ಟು ಹಿಡಿದ ಹಾಗೆಯೇ ಕಾಣುತ್ತಿತ್ತು.

ಕಮಲ ಮಾತ್ರ ಬಳ್ಳಿಗಳನ್ನು ಹಚ್ಚಿಕೊಂಡಳು. ಗಣಪನೊಡನೆ ಅವಳು ಸಂಸಾರ ಮಾಡಿದ್ದು ಆರೇ ತಿಂಗಳು. ಮಲ್ಪೆಯಿಂದ ಅಣ್ಣ ಎರಡು ಸಲ ಕರೆದರೂ ತವರಿಗೆ ಹೋಗಿರಲಿಲ್ಲ. “ಗಂಡ ಬರುವವರೆಗೆ ಕದಲುವವಳಲ್ಲ ನನ್ನ ಸೊಸೆ” ಎಂದು ಸರಸ ಕಂಡವರಿಗೆಲ್ಲ ಹೇಳುತ್ತಿದ್ದಳು. ಹೊಸ ಮನೆಗೆ ಬಂದ ಮೂರನೆಯ ದಿನ ಕಮಲ ಬಾವಿಕಟ್ಟೆಯಲ್ಲಿ ಕತ್ತಲಾಗುವವರೆಗೆ ಕುಳಿತಿದ್ದಳು. ಕೇಳಿದರೆ, ಸುಣ್ಣದ ಹುಡಿ ಕಣ್ಣಿಗೆ ಹೋಯಿತು ಎಂದಳು. ಮರುದಿನದಿಂದ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಳ್ಳಿಯ ಬುಡ ಬಿಡಿಸತೊಡಗಿದಳು.

ಮೊದಲ ಮಳೆಗಾಲದಲ್ಲಿ ಹನ್ನೊಂದು ಬಳ್ಳಿ ಕೊಳೆತುಹೋದವು. ಉಳಿದವೂ ಎಲೆ ಉದುರಿಸಿ ಕಡ್ಡಿಯಾಗಿ ನಿಂತವು. “ಇದು ನಮಗೆ ಹೇಳಿದ್ದಲ್ಲ. ತೆಂಗು ಇಡುವ” ಎಂದ ಹೂವಪ್ಪ. ಕಮಲ ಬಿಡಲಿಲ್ಲ. ಲೂಯಿಸ್ ಮಾತು ತಪ್ಪದೆ ಅಕ್ಟೋಬರಿನಲ್ಲಿ ಬಂದ. ಕೈ ನಡುಗುತ್ತಿದ್ದುದರಿಂದ ಸ್ಟೂಲಿನ ಮೇಲೆ ಕುಳಿತು ಬಾಯಲ್ಲೇ ಹೇಳಿದ, ಕಮಲ ಕತ್ತರಿಸಿದಳು. ಆ ವರ್ಷ ಬಂದದ್ದು ಹುಳಿ ಹುಳಿಯಾದ ನಾಲ್ಕು ಗೊಂಚಲು. ಮರುವರ್ಷ ಹತ್ತೊಂಬತ್ತು ಬಳ್ಳಿಯೂ ಹೂ ಬಿಟ್ಟವು. ಹಕ್ಕಿಗಳ ಕಾಟ ಶುರುವಾದಾಗ ಹೂವಪ್ಪ ಬಲೆಯ ಗಂಟು ಬಿಚ್ಚಿ, ಹರಿದಲ್ಲಿ ಹೆಣೆದು, ಚಪ್ಪರದ ಮೇಲೆ ಹಾಸಿದ. ಸರಸ ಇನ್ನೊಂದು ತುದಿ ಹಿಡಿದಳು.

೧೯೮೦ರ ಮಾರ್ಚಿನಲ್ಲಿ ಹಣ್ಣು ಕಪ್ಪಾಯಿತು. ಕೊಯ್ಲಿನ ಎರಡನೆಯ ದಿನ ಕಮಲನ ಅಣ್ಣ ಮಲ್ಪೆಯಿಂದ ಬಂದ. ಬೆಲ್ಲ ನೀರು ಕುಡಿದು, ಚಪ್ಪರದ ಕೆಳಗೆ ಕುಳಿತು, ಸುತ್ತುಬಳಸಿ ವಿಷಯಕ್ಕೆ ಬಂದ. ಮಣಿಪಾಲದಲ್ಲಿ ಪ್ರೆಸ್ಸಿನ ಕೆಲಸ ಮಾಡುವ ಶೀನ ಎಂಬವನಿದ್ದಾನೆ. ಹೆಂಡತಿ ಬಾಣಂತನದಲ್ಲಿ ಹೋದಳು. ಮೂರು ವರ್ಷದ ಹೆಣ್ಣು ಮಗು ಉಂಟು. ಕಮಲನನ್ನು ಕೇಳುತ್ತಿದ್ದಾನೆ.

ಸರಸನ ಕೈಯಲ್ಲಿದ್ದ ಬುಟ್ಟಿ ಕೆಳಗೆ ಬಿತ್ತು.

“ನಾಚಿಕೆ ಇಲ್ವಾ ನಿನಗೆ? ಅವನು ಕಟ್ಟಿದ ಕರಿಮಣಿ ಅವಳ ಕುತ್ತಿಗೆಯಲ್ಲಿ ಉಂಟು. ಬದುಕಿರುವವನ ಹೆಂಡತಿಯನ್ನು ಕೇಳಲಿಕ್ಕೆ ಬಂದೆಯಾ? ನನ್ನ ಮಗ ಸತ್ತದ್ದನ್ನು ಯಾರು ನೋಡಿದ್ದು? ಹೇಳು! ಯಾರು ನೋಡಿದ್ದು?”

ಅಣ್ಣ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಹೂವಪ್ಪನ ಕಡೆ ನೋಡಿದ. ಕಮಲನೂ ನೋಡಿದಳು.

ಹೂವಪ್ಪ ಕತ್ತರಿಯನ್ನು ಕಂಬದ ಬಳಿ ಇಟ್ಟ. “ನಾನು ನೋಡಿದ್ದು” ಎಂದ.

ಸರಸನಿಗೆ ಅರ್ಥವಾಗಲಿಲ್ಲ.

“ಉಪ್ಪುಂದದ ಕರೆಯಲ್ಲಿ ಸಿಕ್ಕಿದ. ಹತ್ತನೇ ದಿನ. ಸೊಂಟದ ಬೆಳ್ಳಿ ಸರಪಳಿ ನೋಡಿ ಗುರುತು ಹಿಡಿದೆ. ಬೇರೆ ಎಂತದೂ ಗುರುತು ಹಿಡಿಯುವ ಹಾಗೆ ಇರಲಿಲ್ಲ, ಸರಸ. ಊರಿಗೆ ತರುವ ಹಾಗೆಯೂ ಇರಲಿಲ್ಲ. ಅಲ್ಲೇ ಸುಟ್ಟೆವು.”

“ನಾನು ಕೇಳಿದೆನಲ್ಲ” ಎಂದಳು ಅವಳು. ಅವಳ ಸ್ವರ ತೀರ ಸಣ್ಣದಾಗಿತ್ತು. “ಬಂದ ಕೂಡಲೇ ಕೇಳಿದೆನಲ್ಲ. ಇಲ್ಲ ಅಂದಿರಲ್ಲ.”

“ನೀನು ಜ್ವರದಲ್ಲಿದ್ದೆ. ನಿನ್ನ ಮುಖ ನೋಡಿ ಬಾಯಿಗೆ ಬಂದದ್ದು ಅದೊಂದೇ. ನಾಳೆ ಹೇಳುವ ಅಂತ ಇದ್ದೆ. ನೀನು ಎದ್ದು ಗಂಜಿ ಕುಡಿದೆ. ಅವನು ಬರ್ತಾನೆ ಅಂತ ಕುಡಿದೆ. ಮತ್ತೆ ಹೇಳುವುದು ಹೇಗೆ? ಕಾಪುವಿನಲ್ಲಿ ಒಬ್ಬೊಬ್ಬರಿಗೇ ಗೊತ್ತಾಗ್ತಾ ಬಂತು. ನೀನು ಕರೆಯಲ್ಲಿ ಎಲ್ಲರನ್ನೂ ಕೇಳ್ತಾ ಇದ್ದೆ. ಒಂದಲ್ಲ ಒಂದು ದಿನ ಯಾರಾದರೂ ಹೇಳಿಯೇ ಹೇಳ್ತಿದ್ದರು. ಅದಕ್ಕೇ ಇಲ್ಲಿಗೆ ಬಂದದ್ದು. ಕಡಲಿನ ಸದ್ದಿಗೆ ಅಲ್ಲ.”

ಸರಸ ಸೊಸೆಯ ಕಡೆ ತಿರುಗಿದಳು. “ನಿನಗೆ ಗೊತ್ತುಂಟಾ?”

“ಗೊತ್ತುಂಟು ಮಾಮಿ. ಇಲ್ಲಿಗೆ ಬಂದ ಮೂರನೇ ದಿನ ಮಾವ ಹೇಳಿದರು. ಸರಪಳಿಯನ್ನೂ ಕೊಟ್ಟರು.”

“ಎರಡು ವರ್ಷ!” ಎಂದಳು ಸರಸ. “ಎರಡು ವರ್ಷ ಕರಿಮಣಿ ಹಾಕಿಕೊಂಡು, ಕುಂಕುಮ ಇಟ್ಟುಕೊಂಡು... ಯಾರಿಗಾಗಿ ಮಾರಾಯ್ತಿ?”

ಕಮಲ ಕೆಳಗೆ ಬಿದ್ದ ಬುಟ್ಟಿಯನ್ನು ಎತ್ತಿ ಅತ್ತೆಯ ಪಕ್ಕದಲ್ಲಿಟ್ಟಳು. ಇಬ್ಬರು ಸೇರಿ ತನ್ನನ್ನು ಮಗುವಿನ ಹಾಗೆ ಆಡಿಸಿದರೆಂದು ಸರಸನಿಗೆ ಮೈ ಉರಿಯಿತು. ಆ ಉರಿಯ ಒಳಗೇ, ಇಪ್ಪತ್ತೆರಡು ವರ್ಷದ ಹೆಣ್ಣೊಂದು ಗಂಡ ಸತ್ತದ್ದಕ್ಕೆ ಈ ಮನೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಅಳಲಿಲ್ಲ ಎಂಬುದೂ ಹೊಳೆಯಿತು. ಅವಳು ಹೋಗಿ ಕಮಲನ ತಲೆಯನ್ನು ಎದೆಗೆ ಒತ್ತಿಕೊಂಡಳು. “ಅಳು” ಎಂದಳು. “ಈಗಲಾದರೂ ಅಳು.”

ಅಣ್ಣ ಎದ್ದು ರಸ್ತೆಯ ಕಡೆ ಹೋಗಿ ನಿಂತ. ಆ ದಿನ ಯಾರೂ ಹಣ್ಣು ಕೊಯ್ಯಲಿಲ್ಲ.

ಗಣಪನ ಉತ್ತರಕ್ರಿಯೆ, ತುಳುವಿನಲ್ಲಿ ಬೊಜ್ಜ ಎನ್ನುವುದು, ಆ ಮನೆಯ ಅಂಗಳದಲ್ಲೇ ನಡೆಯಿತು. ಕಾಪುವಿನಿಂದ ಬಂದವರು ಬಾಳೆಲೆಯ ಮುಂದೆ ಸರಸನ ಕಣ್ಣು ತಪ್ಪಿಸಿ ಕುಳಿತರು. ಅವಳು ಯಾರನ್ನೂ ಏನೂ ಕೇಳಲಿಲ್ಲ, ನಿಂತು ಬಡಿಸಿದಳು. ಮೇ ತಿಂಗಳಿನಲ್ಲಿ ಮಲ್ಪೆಯ ಅಣ್ಣನ ಮನೆಯಲ್ಲಿ ಕಮಲನ ಮದುವೆಯಾಯಿತು. ಸರಸ ಹೋಗಿ ಧಾರೆಗೆ ನಿಂತಳು. ಶೀನನ ಮಗು ಹೊಸ ತಾಯಿಯ ಸೆರಗು ಹಿಡಿಯಲು ಹೆದರಿ ಇವಳ ಕಾಲನ್ನು ಅಪ್ಪಿಕೊಂಡಾಗ, ಎತ್ತಿ ಕಮಲನ ಮಡಿಲಿಗೆ ಹಾಕಿದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಗಂಡನೊಡನೆ ಮಾತ್ರ ಮಾತಿಲ್ಲ. ಊಟ ಬಡಿಸುವಳು, ಬಟ್ಟೆ ಒಗೆಯುವಳು, ಮಾತು ಮಾತ್ರ ಇಲ್ಲ. ಮಳೆಗಾಲ ಪೂರ್ತಿ ಹಾಗೆಯೇ ಹೋಯಿತು. ಮೈಲುತುತ್ತು ಹೊಡೆಯುವಾಗ ಅವನು ಒಂದು ಸಾಲಿನಲ್ಲಿ, ಅವಳು ಇನ್ನೊಂದರಲ್ಲಿ. ಬೈದಿದ್ದರೆ ಹೂವಪ್ಪ ತಾಳಿಕೊಳ್ಳುತ್ತಿದ್ದ. ಈ ಮೌನಕ್ಕೆ ಅವನು ಬಗ್ಗಿಹೋದ. ಅಂಗಿಯೊಳಗೆ ಮೈ ಸಣ್ಣದಾಗುತ್ತಾ ಬಂದದ್ದನ್ನು ಸರಸ ಕಂಡಳು, ಕಂಡೂ ಸುಮ್ಮನಿದ್ದಳು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅವಳು ಒಳ್ಳೆಯ ಸೀರೆ ಉಟ್ಟು ಹೊರಗೆ ಬಂದಳು. “ಎಲ್ಲಿ ಅಂತ ತೋರಿಸಿ” ಎಂದಳು. ಏಳು ತಿಂಗಳ ಮೇಲೆ ಗಂಡನಿಗೆ ಆಡಿದ ಮೊದಲ ಮಾತು.

ಉಡುಪಿಯಲ್ಲೊಮ್ಮೆ, ಕುಂದಾಪುರದಲ್ಲೊಮ್ಮೆ ಬಸ್ಸು ಬದಲಾಯಿಸಿ ಉಪ್ಪುಂದ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಗಾಳಿಮರಗಳ ಸಾಲು ದಾಟಿ ಹೂವಪ್ಪ ಮುಂದೆ ನಡೆದ. ಒಂದು ಕಡೆ ನಿಂತ. ಮತ್ತೆ ತೆಂಕಿಗೆ ನಾಲ್ಕು ಮಾರು ಬಂದ, ಮತ್ತೆ ಬಡಗಿಗೆ ಹೋದ. ಮೂರು ಮಳೆಗಾಲದ ತೆರೆ ಕರೆಯನ್ನು ಕೊರೆದು ಬೇರೆಯೇ ಮಾಡಿತ್ತು.

“ಇಲ್ಲಿ ಒಂದು ಕಲ್ಲು ಇತ್ತು” ಎಂದ. “ಇಲ್ಲೇ ಎಲ್ಲೋ...” ಕಾಲಿನಿಂದ ಮರಳು ಕೆದಕಿದ. “ಸರಸ, ನನಗೆ ಜಾಗ ಸಿಗುವುದಿಲ್ಲ.”

ಅವನು ಮರಳಿನಲ್ಲಿ ಅತ್ತ ಇತ್ತ ಹುಡುಕುವುದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಅವತ್ತೂ ಇವನು ಹೀಗೆಯೇ ಹುಡುಕಿರಬೇಕು ಅನ್ನಿಸಿತು. ಹತ್ತಿರ ಹೋಗಿ ಅವನ ಮೊಣಕೈ ಹಿಡಿದಳು.

“ಇಲ್ಲೇ ಅಂತ ಇಟ್ಟುಕೊಳ್ಳುವ” ಎಂದಳು. “ಕೂತುಕೊಳ್ಳಿ.”

ಇಬ್ಬರೂ ಬಿಸಿ ಮರಳಿನ ಮೇಲೆ ಕುಳಿತರು. ಅವಳು, ಗಣಪ ಹೇಗಿದ್ದ, ಯಾವ ಕಡೆ ತಲೆ ಇಟ್ಟಿರಿ, ಸೌದೆ ಯಾರು ಕೊಟ್ಟರು ಎಂದು ಒಂದೊಂದಾಗಿ ಕೇಳಿದಳು. ಹೂವಪ್ಪ ಒಂದನ್ನೂ ಬಿಡದೆ ಹೇಳಿದ.