ಹೋಲಿಕಿ ಓಣಿ

ಪುಂಡಲೀಕಪ್ಪ ಹೆಣದ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ ಭಾರ ಬಿಟ್ಟ. ಕಾಲು ಒಂದಿಷ್ಟು ಚಾಚಿತು, ಆದರೆ ಅತ್ತ ತಲೆ ಚಾಪೆಯಿಂದ ಮೇಲೆದ್ದಿತು. ತಲೆ ಒತ್ತಿದರೆ ಕಾಲು ಏಳುತ್ತಿತ್ತು. ಹನಮವ್ವನ ಬೆನ್ನು ಸತ್ತ ಮೇಲೂ ನೆಟ್ಟಗಾಗಲು ಒಪ್ಪಲಿಲ್ಲ.

"ಹಗ್ಗ ತರ್ರಿ," ಎಂದ ಅವನು ಬೆವರು ಒರೆಸಿಕೊಳ್ಳುತ್ತ. "ಎದಿ ಮ್ಯಾಲ ಒಂದು, ತೊಡಿ ಮ್ಯಾಲ ಒಂದು ಬಿಗದು ಜಗ್ಗಿದ್ರ ಆಗತೈತಿ. ಚಟ್ಟದ ಮ್ಯಾಲ ಮಲಗಬೇಕಲ್ಲ."

"ಜಗ್ಗಿದ್ರ ಏನಾಗತೈತಿ, ಕಾಕಾ?" ಕಾವೇರಿ ಕೇಳಿದಳು.

"ಲಟ್ ಅಂತೈತಿ. ಆಕಿಗೇನ್ ಈಗ ಗೊತ್ತಾಗತೈತಿ?"

ಸತ್ತವಳು ಕಾವೇರಿಯ ತಾಯಿ. ಪುಂಡಲೀಕಪ್ಪ ಅವಳ ತಂದೆಯ ತಮ್ಮ; ತಂದೆ ತಾನೂ ಬೆನ್ನು ಹಿಡಿದು ಹೊರಗೆ ಗೋಡೆಗೊರಗಿ ಕೂತಿದ್ದ. ಶಿಗ್ಲಿಯ ಗಂಡನ ಮನೆಯಿಂದ ನಸುಕಿನಲ್ಲೇ ಹೊರಟು ಲಕ್ಷ್ಮೇಶ್ವರ, ಮುಂಡರಗಿ ಎಂದು ಬಸ್ಸು ಬದಲಿಸಿ ಬಂದವಳು ಇನ್ನೂ ಬಾಯಿಗೆ ನೀರು ಹಾಕಿರಲಿಲ್ಲ. ಹಿತ್ತಲಿಗೆ ಹೋಗಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದಳು. ಅದರ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಯಾವುದೋ ಸಂಸ್ಥೆಯ ಹೆಸರು ಅರ್ಧ ಅಳಿಸಿತ್ತು.

"ಯಾರೂ ಏನೂ ಮುರಿಯೂದು ಬ್ಯಾಡ. ಇದರ ಮ್ಯಾಲ ಕುಂಡ್ರಸ್ರಿ. ಕುಂತ ಹೋಗ್ತಾಳ."

"ನಮ್ಮ ಮಂದ್ಯಾಗ ಕುಂಡ್ರಸಿ ಒಯ್ಯೂ ಪದ್ಧತಿ ಇಲ್ಲವಾ."

"ನಮ್ಮ ಮಂದ್ಯಾಗ ಹೆಣದ ಬೆನ್ನ ಮುರಿಯೂ ಪದ್ಧತಿ ಐತೇನು?"

ಪುಂಡಲೀಕಪ್ಪ ಉಳಿದವರನ್ನು ಕೈ ಮಾಡಿ ಕರೆದ. ನಾಲ್ವರು ಸೇರಿ ಎತ್ತಿ ಅಂಗಳದಲ್ಲಿ ಕೂರಿಸಿದರು. ಕುರ್ಚಿಗೆ ಹನಮವ್ವನ ಮೈ ಸರಿಯಾಗಿ ಹೊಂದಿತು. ಎರಡು ವರ್ಷ ಅದೇ ಕುರ್ಚಿಯ ಮೇಲೆ ಕೂತವಳು ಅವಳು.

"ಹೊತ್ತು ನೆತ್ತಿಗೆ ಬರೂದ್ರಾಗ ಎತ್ತಬೇಕು," ಎಂದು ಗಂಡಸರು ಹೊರಗೆ ನಡೆದರು. "ಜಲ್ದಿ ಮೈ ತೊಳಸ್ರಿ."

ತೊಳೆಸುವವರು ಯಾರು? ಒಬ್ಬರು ಹಿಡಿಯಬೇಕು, ಒಬ್ಬರು ಸುರಿಯಬೇಕು, ಒಬ್ಬರು ಸೀರೆ ಅಡ್ಡ ಹಿಡಿಯಬೇಕು. ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಒಬ್ಬಳೂ ಹೊಸ್ತಿಲು ಇಳಿಯಲಿಲ್ಲ. ಅವರೆಲ್ಲ ಎದುರು ಮನೆಯ ಬೀರವ್ವನನ್ನು ನೋಡುತ್ತಿದ್ದರು. ಬೀರವ್ವ ಕಟ್ಟೆಯ ಮೇಲೆ ಈ ಮನೆಗೆ ಬೆನ್ನು ಮಾಡಿ ಕೂತಿದ್ದಳು. ಅವಳು ಎದ್ದರೆ ಓಣಿ ಏಳುತ್ತದೆ, ಕೂತರೆ ಕೂರುತ್ತದೆ. ಇದು ಕಾವೇರಿಗೂ ಗೊತ್ತಿತ್ತು. ಹೋಗಿ ಮುಂದೆ ನಿಂತಳು.

"ಅತ್ತಿ, ಅವ್ವಗ ನೀರು ಹಾಕಬೇಕು. ಒಂದ ಕೈ ಹಿಡೀ ಬಾ."

"ನಿಮ್ಮವ್ವ, ನೀರು. ಎರಡೂ ಸುದ್ದಿ ನನ್ನ ಮುಂದ ತಗೀಬ್ಯಾಡ," ಎಂದಳು ಬೀರವ್ವ, ತಿರುಗಿ ನೋಡದೆ.

*

ಆ ಊರಿನ ಬೋರಿನ ನೀರು ಎಲುಬು ತಿನ್ನುವ ನೀರು. ಮಕ್ಕಳ ಹಲ್ಲು ಹಳದಿ, ಮುಂದೆ ಕಂದು. ನಲವತ್ತು ದಾಟಿದವರ ಬೆನ್ನು ಕಟ್ಟಿಗೆ. ಇದನ್ನು ಕಂಡುಹಿಡಿಯಲು ಒಂದಾದ ಮೇಲೊಂದು ಸರ್ವೆ ಬಂದವು. ಹಲ್ಲು ನೋಡಿದರು, ರಕ್ತ ಒಯ್ದರು, ಬಾಟಲಿಯಲ್ಲಿ ಉಚ್ಚೆ ಒಯ್ದರು. ಊರಿನ ಉಚ್ಚೆ ಬೆಂಗಳೂರು ನೋಡಿ ಬಂತು, ಊರವರು ನೋಡಲಿಲ್ಲ. ಬಂದವರನ್ನು ಮನೆಮನೆಗೆ ಕರೆದೊಯ್ದು ಪರಿಚಯ ಮಾಡಿಸುತ್ತಿದ್ದವಳು ಅಂಗನವಾಡಿ ಸಹಾಯಕಿ ಹನಮವ್ವ. ಚಹಾ ಮಾಡಿಸಿದರೆ ಅವರು "ಈಗಷ್ಟೇ ಆಯ್ತಮ್ಮ" ಎಂದು ನಕ್ಕು, ಚೀಲದಿಂದ ತಮ್ಮ ಬಾಟಲಿ ತೆಗೆದು ಕುಡಿಯುತ್ತಿದ್ದರು.

ಹನ್ನೆರಡು ವರ್ಷಗಳ ಹಿಂದೆ ಒಬ್ಬ ದೊಡ್ಡ ಸರ್ ಬಂದ. ನೀರು ಶುದ್ಧ ಮಾಡುವ ಯಂತ್ರ ತಂದಿದ್ದ, ಆದರೆ ಒಂದೇ ಓಣಿಗೆ. ಇನ್ನೊಂದು ಓಣಿ ಅದೇ ಬೋರಿನ ನೀರು ಕುಡಿಯಬೇಕು. ಎರಡು ವರ್ಷವಾದ ಮೇಲೆ ಎರಡೂ ಓಣಿಗಳ ಹಲ್ಲು, ಎಲುಬು, ಉಚ್ಚೆ ಹೋಲಿಸಿ ನೋಡಬೇಕು. ಯಾವ ಓಣಿಗೆ ಯಂತ್ರ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ನ್ಯಾಯ ಎಂದ. ಹನುಮಂತ ದೇವರ ಗುಡಿಯ ಮುಂದೆ ತಾಮ್ರದ ಬಿಂದಿಗೆಗೆ ಕೈ ಹಾಕಿ ಚೀಟಿ ಎತ್ತಿದವಳು ಹನಮವ್ವನೇ. ಮೇಲಿನ ಓಣಿಯ ಹೆಸರು ಬಂತು. ಅವಳದು ಕೆಳಗಿನ ಓಣಿ. ಅಂದಿನಿಂದ ಅದಕ್ಕೆ ಹೋಲಿಕಿ ಓಣಿ ಎಂದೇ ಹೆಸರಾಯಿತು. ಬೀಗರು ಹುಡುಕಿಕೊಂಡು ಬಂದರೂ ಹಾಗೇ ಕೇಳಿಕೊಂಡು ಬರುತ್ತಿದ್ದರು.

"ನೀರು ಅತ್ತಿತ್ತ ಕಲೆಯಬಾರದು, ಹನಮವ್ವ," ಎಂದಿದ್ದ ಸರ್. "ಕಲೆತರೆ ಎಲ್ಲ ಹಾಳು. ಕಲೆಯದಿದ್ದರೆ ಎರಡೇ ವರ್ಷ, ಆಮೇಲೆ ನಿಮ್ಮ ಓಣಿಗೂ ಬರುತ್ತೆ. ನಿಮ್ಮನ್ನ ನಂಬಿದೀನಿ."

ಅಷ್ಟು ದೊಡ್ಡ ಮನುಷ್ಯರು ಯಾರೂ ಅದುವರೆಗೆ ಅವಳನ್ನು ನಂಬಿರಲಿಲ್ಲ. ಯಂತ್ರದ ನಳದ ಪಕ್ಕ ಸರ್‌ನ ಸಂಸ್ಥೆ ಕೊಟ್ಟ ನೀಲಿ ಕುರ್ಚಿ ಹಾಕಿಕೊಂಡು ಕೂತಳು. ಕೆಳಗಿನ ಓಣಿಯವರು ಕೊಡ ಹಿಡಿದು ಬಂದರೆ ತಿರುಗಿಸಿ ಕಳಿಸಿದಳು. ಒಂದು ಮಧ್ಯಾಹ್ನ ಬೀರವ್ವ ಬರೀ ಒಂದು ತಂಬಿಗೆ ತುಂಬಿಕೊಂಡಳು. ಕಂಕುಳಲ್ಲಿ ಐದು ವರ್ಷದ ಮೊಮ್ಮಗಳು ರೇಷ್ಮಾ ಇದ್ದಳು. ಆಗಲೇ ಕೂಸಿನ ಮೊಣಕಾಲು ಒಳಮುಖವಾಗಿ ಬಾಗತೊಡಗಿದ್ದವು.

"ಕೂಸಿಗಷ್ಟ, ಹನಮಿ. ನನಗಲ್ಲ."

ಹನಮವ್ವ ಕುರ್ಚಿಯಿಂದ ಎದ್ದು ತಂಬಿಗೆ ಇಸಿದುಕೊಂಡು ನೀರನ್ನು ನೆಲಕ್ಕೆ ಸುರಿದಳು. "ಎರಡ ವರ್ಷ ತಡಿ, ಬೀರಿ. ಈಗ ಕಲತ್ರ ಮುಂದ ಯಾರಿಗೂ ಸಿಗಂಗಿಲ್ಲ."

ಕೂಸು ನೆಲದ ಮೇಲಿನ ಹಸಿಯನ್ನೇ ನೋಡುತ್ತಿತ್ತು. ಆ ದಿನದಿಂದ ಬೀರವ್ವ ಈ ಮನೆಯ ಕಡೆ ಮುಖ ಹಾಕಲಿಲ್ಲ.

ಎರಡು ವರ್ಷ ಮುಗಿದ ಮೇಲೆ ಗದಗಿನಲ್ಲಿ ಒಂದು ಸಭೆಯಾಯಿತು. ಹನಮವ್ವನಿಗೆ ಹಾರ, ಶಾಲು, ಚೌಕಟ್ಟು ಹಾಕಿದ ಒಂದು ಕಾಗದ. "ಫಲಿತಾಂಶ ತುಂಬಾ ಚೆನ್ನಾಗಿ ಬಂದಿದೆ," ಎಂದು ಸರ್ ಸಂತೋಷದಿಂದ ಹೇಳಿದ. "ಎರಡೂ ಓಣಿಗೂ ವ್ಯತ್ಯಾಸ ಸ್ಪಷ್ಟವಾಗಿದೆ." ಹಾಗೆಂದರೆ ಮೇಲಿನ ಓಣಿಯ ಮಕ್ಕಳ ಹಲ್ಲು ಬೆಳ್ಳಗೆ ಹುಟ್ಟಿದ್ದವು, ಕೆಳಗಿನ ಓಣಿಯ ಮಕ್ಕಳದು ಇಲ್ಲ. ಕೆಳಗಿನ ಮಕ್ಕಳ ಹಲ್ಲು ಕೆಟ್ಟಷ್ಟೂ ಫಲಿತಾಂಶ ಚೆನ್ನಾಗಿತ್ತು. ಸಭೆ ಚಪ್ಪಾಳೆ ತಟ್ಟಿತು. ಥೂ.

"ನಮ್ಮ ಓಣಿಗೆ ಯಾವಾಗ್ರಿ, ಸರ್?" ಹನಮವ್ವ ಕೇಳಿದ್ದಳು.

"ವರದಿ ಕಳಿಸಿದೀವಮ್ಮ. ಇನ್ನು ಮೇಲಿನವರು ನೋಡ್ಕೋತಾರೆ."

ಮೇಲಿನವರು ನೋಡಿಕೊಳ್ಳಲಿಲ್ಲ. ಯಂತ್ರದ ಒಳಗಿನ ಜಾಲರಿ ಬದಲಿಸುವವರಿಲ್ಲದೆ ಮೂರು ವರ್ಷಕ್ಕೆ ಅದೂ ನಿಂತಿತು. ಈಗ ಅದರ ತಗಡಿಗೆ ಆಡುಗಳು ಮೈ ತಿಕ್ಕುತ್ತವೆ. ಎರಡೂ ಓಣಿ ಮತ್ತೆ ಬೋರಿಗೇ ಬಂದವು. ಸರ್ವೆಯವರು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಬಂದು ಹನಮವ್ವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುತ್ತಿದ್ದರು. ಪ್ರತಿ ವರ್ಷ ಅವಳು ಎರಡು ಬೆರಳು ಕಡಿಮೆಯಾಗುತ್ತಿದ್ದಳು. ಅವರು ಅದನ್ನು ಬರೆದುಕೊಂಡು ಹೋಗುತ್ತಿದ್ದರು.

*

ಕಾವೇರಿ ಒಬ್ಬಳೇ ಬೋರಿನಿಂದ ಕೊಡ ತಂದು ಅಂಗಳದಲ್ಲಿ ಇಡುವಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಅದರಿಂದ ಇಳಿದವನು ಸುಭಾಷ. ಬೆಟಗೇರಿಯ ನೇಕಾರರ ಮಗ, ಈಗ ಸರ್‌ನ ಅದೇ ಸಂಸ್ಥೆಯಲ್ಲಿ ಪಗಾರಕ್ಕಿದ್ದಾನೆ. ಚಪ್ಪಲಿ ಹೊರಗೆ ಬಿಟ್ಟು ಬಂದು ಕುರ್ಚಿಯ ಮೇಲಿದ್ದ ಹೆಣಕ್ಕೆ ಕೈ ಮುಗಿದ. ಆಮೇಲೆ ಚೀಲದಿಂದ ಟ್ಯಾಬ್ ತೆಗೆದ.

"ತಪ್ಪ ತಿಳೀಬ್ಯಾಡ್ರಿ, ಅಕ್ಕಾರ. ಮಣ್ಣಾಗೂದ್ರಾಗ ಕೇಳಿದ್ರ ಉತ್ತರ ಬರೋಬರಿ ಸಿಗತಾವ ಅಂತಾರ ನಮ್ಮ ಸರ್. ಹತ್ತ ನಿಮಿಷ."

ಬೈಯುವಷ್ಟು ತ್ರಾಣವೂ ಕಾವೇರಿಗೆ ಇರಲಿಲ್ಲ. ಅವನು ಓದತೊಡಗಿದ. "ಕೊನೆಯ ದಿನಗಳಲ್ಲಿ ಮೃತರಿಗೆ ಜ್ವರ ಇತ್ತೇ? ನುಂಗಲು ಕಷ್ಟವಾಗುತ್ತಿತ್ತೇ? ಮೃತರು ಕುಡಿಯುತ್ತಿದ್ದ ನೀರಿನ ಮೂಲ ಯಾವುದು?"

"ಊರಿಗೆಲ್ಲ ಗೊತ್ತಿದ್ದದ್ದನ್ನ ನನಗ ಕೇಳ್ತೀಯಲ್ಲೋ."

"ಕೇಳಬೇಕಾಗತೈತ್ರಿ." ಅವನು ದನಿ ತಗ್ಗಿಸಿದ, ಆದರೂ ಎದುರು ಕಟ್ಟೆಯವರೆಗೆ ಕೇಳುತ್ತಿತ್ತು. "ಇನ್ನೊಂದು. ಆ ಎರಡ ವರ್ಷದಾಗ ಅವರು ಯಂತ್ರದ ನೀರು ಕದ್ದು ಕುಡದಾರೇನ್ರಿ? ಕುಡದಿದ್ರೂ ಈಗೇನ್ ತೊಂದ್ರಿ ಇಲ್ಲ. ನಳದ ಬಾಜೂಕ ಕುಂತಾಕಿ ಕುಡದಿರಲೇ ಬೇಕು ಅಂತ ಸರ್‌ಗ ಸಂಶಯ. ಹಂಗಿದ್ರ ಹೋಲಿಕಿ ಲೆಕ್ಕದಾಗಿಂದ ಇವರ ಹೆಸರ ತಗದ ಬಿಡತಾರ."

ಕಾವೇರಿ ಅವನ ಮುಖವನ್ನೇ ನೋಡಿದಳು. ಅವಳಿಗೆ ಹೇಸಿಗೆಯಾಯಿತು, ಅವನ ಮೇಲೆ, ಗೋಡೆಯ ಮೇಲಿನ ಚೌಕಟ್ಟಿನ ಮೇಲೆ, ಯಾರೋ ನಂಬಿದರೆಂದು ಕುರ್ಚಿ ಹಾಕಿಕೊಂಡು ಕೂತ ತಾಯಿಯ ಮೇಲೂ.

"ನನಗ ಗೊತ್ತಿಲ್ಲ," ಎಂದಳು.

"ಕುಡದಿಲ್ಲ."

ದನಿ ಎದುರು ಕಟ್ಟೆಯಿಂದ ಬಂದಿತ್ತು. ಬೀರವ್ವ ಎದ್ದು ನಿಂತಿದ್ದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಓಣಿ ದಾಟಿ ಬಂದಳು, ಹನ್ನೆರಡು ವರ್ಷ ದಾಟದ ಹೊಸ್ತಿಲು ದಾಟಿ ಅಂಗಳದಲ್ಲಿ ನಿಂತಳು.

"ಬರಕೋ. ಒಂದ ಹನಿ ಕುಡದಿಲ್ಲ. ಎರಡ ವರ್ಷ ನಾ ಈಕಿ ಮ್ಯಾಲ ಕಣ್ಣಿಟ್ಟಿದ್ದೆ. ಕದ್ದು ಕುಡೀತಾಳ, ಹಿಡದು ಊರ ಮುಂದ ಮಾನಾ ಕಳೀತೇನಿ ಅಂತ ಕಾದೆ. ತುಟಿ ಒಣಗಿ ಬಿರಿತಿತ್ತು, ನಳ ಕೈಗೆ ಹತ್ತತಿತ್ತು. ಈ ಹುಚ್ಚಿ ಸಂಜೀಕ ಮನಿಗೆ ಬಂದು ಬೋರಿನ ನೀರ ಕುಡೀತಿದ್ಲು." ಅವಳು ಕುರ್ಚಿಯ ಕಡೆ ತಿರುಗಿದಳು. "ಕಳ್ಳಿ ಆಗಿದ್ರ ನೆಟ್ಟಗ ಮಲಗಿ ಹೋಗತಿದ್ದೆಲ್ಲ, ಹನಮಿ."

ಅಷ್ಟು ಹೇಳಿ ಅವಳು ಗೊಳೋ ಎಂದು ಅತ್ತಳು. ಅವಳು ಅತ್ತದ್ದೇ ತಡ, ಓಣಿಯ ಬಾಗಿಲುಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಇಳಿದು ಬಂದರು. ಯಾರೋ ಸೀರೆ ಅಡ್ಡ ಹಿಡಿದರು. ಸುಭಾಷ ಬೇಲಿಯಾಚೆ ಹೋಗಿ ಮುಖ ತಿರುಗಿಸಿ ನಿಂತ.

ಕಾವೇರಿ ಕೊಡಕ್ಕೆ ಕೈ ಹಾಕಿದಳು. ಬೀರವ್ವ ಅದರ ಮೇಲೆ ಕೈಯಿಟ್ಟು ತಡೆದಳು.

"ಯಾವ ನೀರಿದು?"

"ಬೋರಿಂದ, ಅತ್ತಿ. ಮತ್ತೆಲ್ಲೈತಿ?"

ಬೀರವ್ವ ಕೊಡವನ್ನು ಕಾಲಿನಿಂದ ಒದ್ದಳು. ನೀರು ಅಂಗಳದ ತುಂಬ ಹರಿಯಿತು. "ರೇಷ್ಮಾ," ಎಂದು ಕೂಗಿದಳು. "ಆ ಗಾಡ್ಯಾಗ ನೋಡವಾ. ಇವರು ತಮಗಂತ ತಂದಿರತಾರ."

ಹದಿನೇಳರ ರೇಷ್ಮಾ ಮೊಣಕಾಲಿಗೆ ಮೊಣಕಾಲು ಬಡಿಯುತ್ತ ಜೀಪಿನವರೆಗೆ ನಡೆದಳು. ಹಿಂದಿನ ಸೀಟಿನಲ್ಲಿ ಮೊಹರು ಒಡೆಯದ ನೀರಿನ ಬಾಟಲಿಗಳ ಪೆಟ್ಟಿಗೆ ಇತ್ತು. ಅದನ್ನು ಎದೆಗವಚಿಕೊಂಡು ಎತ್ತಿದಳು.

"ಅದು ನಮ್ಮ ಟೀಮಿಂದು," ಎಂದ ಸುಭಾಷ.

"ಹೌದಪ," ಎಂದಳು ಬೀರವ್ವ ಸೀರೆಯ ಈಚೆಯಿಂದ. "ಹನ್ನೆರಡ ವರ್ಷದಾಗ ಈ ಊರಾಗ ಎಷ್ಟ ಲೋಟ ಚಾ ಕುಡದೀರಿ? ಹೇಳು, ಅದನ್ನೂ ಬರಕೊಳ್ಳೂಣು."

ಟ್ಯಾಬ್‌ನ ಪರದೆ ಅವನ ಕೈಯಲ್ಲೇ ಆರಿಹೋಯಿತು.

ಒಂದೊಂದೇ ಮುಚ್ಚಳ ಕಟ್ ಎಂದು ಬಿಚ್ಚಿಕೊಂಡಿತು. ಕೆಳಗಿನ ಓಣಿಯ ಹೆಂಗಸರು ಬಾಟಲಿಯ ನೀರಿನಿಂದ ಹನಮವ್ವನ ತಲೆ ತೊಳೆದರು, ಗೂನು ಬಿದ್ದ ಬೆನ್ನು ತೊಳೆದರು, ಚಾಚದ ಕಾಲು ತೊಳೆದರು. ಹಸಿರು ಸೀರೆ ಸುತ್ತಿ ಕುಂಕುಮ ಹಚ್ಚಿದರು. ಕೊನೆಗೆ ಒಂದು ಬಾಟಲಿ ಉಳಿಯಿತು.

"ಬಾಯಿಗೆ ಬಿಡವಾ, ನೀನ ಬಿಡು," ಎಂದು ಬೀರವ್ವ ಅದನ್ನು ಮೊಮ್ಮಗಳ ಕೈಗೆ ಕೊಟ್ಟಳು.

ರೇಷ್ಮಾ ಕುರ್ಚಿಯ ಕೈ ಹಿಡಿದು ಬಗ್ಗಿ ಸುರಿದಳು. ಹೆಣದ ಕುತ್ತಿಗೆ ಮುಂದಕ್ಕೆ ಬಾಗಿ ಸೆಟೆದಿತ್ತು. ನೀರು ಕಂದು ಹಲ್ಲುಗಳನ್ನು ತೊಯಿಸಿ, ಒಳಗೆ ಇಳಿಯದೆ, ಕೆಳತುಟಿ ದಾಟಿ ಮಡಿಲಿಗೆ ಸುರಿಯಿತು. ಮತ್ತೆ ಬಿಟ್ಟಳು. ಮತ್ತೆ ಹೊರಗೇ ಬಂತು.

ಹೊರಗಿನಿಂದ ಪುಂಡಲೀಕಪ್ಪ ಹೊತ್ತಾಯಿತೆಂದು ಕೂಗುತ್ತಿದ್ದ. ಬೀರವ್ವ ಕುರ್ಚಿಯ ಮುಂದೆ ನೆಲಕ್ಕೆ ಕೂತಳು. ಹನಮವ್ವನ ಗದ್ದದ ಕೆಳಗೆ ಬೊಗಸೆ ಹಿಡಿದು, ಸೋರಿದ ನೀರನ್ನು ತುಂಬಿಕೊಂಡು, ಮತ್ತೆ ಅವಳ ತುಟಿಗೆ ಎತ್ತಿದಳು.